ಮೊದಲ ಕಂಟೈನರ್ ಲಾರಿ ಕೊಳ್ಳುತ್ತಿದ್ದೀರಾ? ಉದ್ದ ನೋಡುವ ಮುಂಚೆ ವಾಪಸ್ ಲೋಡು ನೋಡಿ

ಅಹಮದಾಬಾದ್‌ನ ಮಣಿನಗರದಿಂದ ದಕ್ಷಿಣಕ್ಕೆ ನಾರೋಲ್, ಅಸ್ಲಾಲಿ ಕಡೆ ಹೋದರೆ ಸಾಲು ಸಾಲು ಗೋದಾಮುಗಳು ಸಿಗುತ್ತವೆ. ಅಲ್ಲಿ ಸರಕು ತುಂಬಿಕೊಂಡ ಲಾರಿ ವಡೋದರಾ, ಸೂರತ್, ಪುಣೆ, ಬೆಳಗಾವಿ, ಹುಬ್ಬಳ್ಳಿ ದಾಟಿ ಬೆಂಗಳೂರು ತಲುಪುವುದು ರಾಷ್ಟ್ರೀಯ ಹೆದ್ದಾರಿ 48ರಲ್ಲಿ. ದೂರ ಸುಮಾರು 1,500 ಕಿ.ಮೀ. ಇಂಥ ದಾರಿಯಲ್ಲಿ ವರ್ಷಗಟ್ಟಲೆ ಬೇರೆಯವರ ಗಾಡಿ ಓಡಿಸಿದ ಚಾಲಕರು ಒಂದು ದಿನ ಸ್ವಂತ ಲಾರಿಗೆ ಕೈ ಹಾಕುತ್ತಾರೆ. ಆಗ ಎದುರಾಗುವ ಮೊದಲ ಪ್ರಶ್ನೆ: ಮುಚ್ಚಿದ ಬಾಡಿಯ ಕಂಟೈನರ್ ಲಾರಿಗಳಲ್ಲಿ ಯಾವುದನ್ನು ಕೊಳ್ಳಬೇಕು?

ಹೆಚ್ಚಿನವರು 32 ಅಡಿಯ ಗಾಡಿ ನೋಡಿ ಮರುಳಾಗುತ್ತಾರೆ. ಆದರೆ ಸಾಲದ ಕಂತು ಕಟ್ಟುವುದು ಬಾಡಿಯ ಉದ್ದದಿಂದಲ್ಲ, ಎರಡೂ ಕಡೆ ಸಿಗುವ ಬಾಡಿಗೆಯಿಂದ. ತಿಂಗಳ ಕಂತು 70,000 ರೂಪಾಯಿ ಎಂದಿಟ್ಟುಕೊಳ್ಳಿ. ತಿಂಗಳಿಗೆ ಎರಡು ಬಾರಿ ಹೋಗಿ ಬಂದರೆ ನಾಲ್ಕು ಓಟ, ಓಟಕ್ಕೆ 17,500 ರೂಪಾಯಿ ಕಂತಿಗೇ ಹೋಯಿತು. ಎರಡು ಬಾರಿಯೂ ಖಾಲಿ ವಾಪಸ್ ಬಂದರೆ ಅದೇ ಹೊರೆ 35,000 ರೂಪಾಯಿ. ಡೀಸೆಲ್, ಟೋಲ್, ಟೈರ್ ಖರ್ಚು ಬೇರೆ.

ಜಾಗ ಮೊದಲು ತುಂಬುತ್ತದೋ, ತೂಕವೋ?

ಮಾರುಕಟ್ಟೆಯಲ್ಲಿ 20, 22, 24 ಮತ್ತು 32 ಅಡಿಯ ಕಂಟೈನರ್‌ಗಳು ಸಾಮಾನ್ಯ. 32 ಅಡಿಯಲ್ಲಿ ಎರಡು ಬಗೆ: ಸಿಂಗಲ್ ಆ್ಯಕ್ಸಲ್ ಮತ್ತು ಮಲ್ಟಿ ಆ್ಯಕ್ಸಲ್. ಪೆಟ್ಟಿಗೆಯ ಅಳತೆ ಹೆಚ್ಚುಕಡಿಮೆ ಒಂದೇ, ಹೊರುವ ತೂಕ ಬೇರೆ. 2018ರ ಪರಿಷ್ಕೃತ ನಿಯಮದ ಪ್ರಕಾರ ಎರಡು ಆ್ಯಕ್ಸಲ್ ಲಾರಿಯ ಗರಿಷ್ಠ ಒಟ್ಟು ತೂಕ 18.5 ಟನ್, ಮೂರು ಆ್ಯಕ್ಸಲ್‌ನದ್ದು 28.5 ಟನ್. ಗಾಡಿಯ ಸ್ವಂತ ತೂಕವೂ ಇದರಲ್ಲೇ ಸೇರಿದೆ. ನಿಮ್ಮ ಗಾಡಿಗೆ ಆರ್‌ಸಿಯಲ್ಲಿ ನಮೂದಾದ ತೂಕವೇ ಅಂತಿಮ.

ಒಂದು ಸರಳ ಲೆಕ್ಕ ನೋಡಿ. ಒಳಗೆ 32 ಅಡಿ ಉದ್ದ, 8 ಅಡಿ ಅಗಲ, 8 ಅಡಿ ಎತ್ತರ ಇದ್ದರೆ ಜಾಗ 2,048 ಘನ ಅಡಿ. ಎರಡು ಆ್ಯಕ್ಸಲ್ ಗಾಡಿಯ ಖಾಲಿ ತೂಕ 9 ಟನ್ ಆಗಿದ್ದರೆ 9.5 ಟನ್ ಹೇರಬಹುದು. ಅಂದರೆ ಘನ ಅಡಿಗೆ ಸುಮಾರು 4.6 ಕೆ.ಜಿ. ಸರಕು ಇದಕ್ಕಿಂತ ಭಾರವಿದ್ದರೆ ಪೆಟ್ಟಿಗೆ ತುಂಬುವ ಮೊದಲೇ ತೂಕ ಮುಗಿಯುತ್ತದೆ. 3 ಘನ ಅಡಿಯ ಒಂದು ರಟ್ಟಿನ ಡಬ್ಬ ಚಿಪ್ಸ್ ತುಂಬಿ 6 ಕೆ.ಜಿ. ತೂಗಿದರೆ ಅದು ಜಾಗದ ಸರಕು. ಅದೇ ಡಬ್ಬ 24 ಕೆ.ಜಿ. ಇದ್ದರೆ ಅದು ತೂಕದ ಸರಕು.

ಗುಜರಾತಿನಿಂದ ಬಟ್ಟೆ, ಕರ್ನಾಟಕದಿಂದ ಅಡಿಕೆ

ಸೂರತ್‌ನ ಸೀರೆ, ಬಟ್ಟೆ, ಅಹಮದಾಬಾದ್ ಸುತ್ತಲಿನ ಔಷಧ, ಪ್ಲಾಸ್ಟಿಕ್ ಸಾಮಾನು ದಕ್ಷಿಣಕ್ಕೆ ಬರುತ್ತವೆ. ಕರಾವಳಿ, ಮಲೆನಾಡಿನ ಚಾಲಿ ಅಡಿಕೆಗೆ ಗುಜರಾತ್ ದೊಡ್ಡ ಮಾರುಕಟ್ಟೆ. ಮಳೆ ತಾಗಿದರೆ ಬಟ್ಟೆಗೆ ಕಲೆ, ಅಡಿಕೆಗೆ ಬೂಷ್ಟು. ಹಾಗಾಗಿ ಎರಡಕ್ಕೂ ಮುಚ್ಚಿದ ಬಾಡಿ ಒಳ್ಳೆಯದು. ಆದರೆ ಚೀಲದ ಅಡಿಕೆ ತೂಕದ ಸರಕು. ಹಗುರ ಡಬ್ಬಗಳನ್ನು ನಂಬಿ ಸಿಂಗಲ್ ಆ್ಯಕ್ಸಲ್ 32 ಅಡಿ ಕೊಂಡವರು ಅಡಿಕೆ ಹೇರುವಾಗ ಬಹಳಷ್ಟು ಜಾಗ ಖಾಲಿ ಬಿಡಬೇಕಾಗುತ್ತದೆ.

ಖಾಲಿ ಜಾಗ ಕಂಡು ಇನ್ನಷ್ಟು ಚೀಲ ಹಾಕಿಸುವ ಆಸೆ ಬೇಡ. ಓವರ್‌ಲೋಡ್‌ಗೆ 20,000 ರೂಪಾಯಿ ದಂಡ, ಹೆಚ್ಚುವರಿ ಪ್ರತಿ ಟನ್‌ಗೆ ಮತ್ತೆ 2,000 ರೂಪಾಯಿ. ಅಡಿಕೆ ಸಾಗಿಸುವಾಗ ಬಿಲ್ ಮತ್ತು ಇ-ವೇ ಬಿಲ್ ನೋಡಿಯೇ ಬಾಗಿಲು ಹಾಕಿ. ದಾಖಲೆ ಸರಿಯಿಲ್ಲದಿದ್ದರೆ ಜಿಎಸ್‌ಟಿ ಕಾಯ್ದೆಯ ಸೆಕ್ಷನ್ 129ರಡಿ ಸರಕಿನ ಜೊತೆಗೆ ಲಾರಿಯನ್ನೂ ತಡೆಹಿಡಿಯಬಹುದು. ಸರಕು ಬೇರೆಯವರದ್ದಾದರೂ ನಿಂತ ಗಾಡಿಯ ಕಂತು ನಿಮ್ಮದೇ.

ಹಾಗಾದರೆ ಯಾವುದು ಸೂಕ್ತ?

ಕೊರಿಯರ್, ಇ-ಕಾಮರ್ಸ್, ತಿಂಡಿ ಪೊಟ್ಟಣದಂಥ ಹಗುರ ಸರಕು ಎರಡೂ ಕಡೆ ಖಾತ್ರಿಯಿದ್ದರೆ 32 ಅಡಿ ಸಿಂಗಲ್ ಆ್ಯಕ್ಸಲ್ ಸರಿ. ಒಂದು ಕಡೆ ಹಗುರ, ಇನ್ನೊಂದು ಕಡೆ ಭಾರ ಎಂದಾದರೆ ಮಲ್ಟಿ ಆ್ಯಕ್ಸಲ್ ಯೋಚಿಸಬಹುದು. ಆದರೆ ಬೆಲೆ, ಟೋಲ್, ಟೈರ್ ಎಲ್ಲವೂ ಹೆಚ್ಚು. ಯಾವ ಲೋಡು ಸಿಗುತ್ತದೆ ಎಂಬುದೇ ಇನ್ನೂ ಗೊತ್ತಿಲ್ಲದವರಿಗೆ 20ರಿಂದ 24 ಅಡಿಯ ಗಾಡಿ ಸುರಕ್ಷಿತ. ಇಕ್ಕಟ್ಟಿನ ಗೋದಾಮಿನ ಅಂಗಳದಲ್ಲೂ ತಿರುಗುತ್ತದೆ, ಕಂತೂ ಕಡಿಮೆ. ಹಾರ್ಸ್‌ಗೆ ಜೋಡಿಸುವ ಟ್ರೇಲರ್ ಕೊಳ್ಳುವ ಆಲೋಚನೆಯನ್ನು ಕಾಯಂ ಕಾಂಟ್ರ್ಯಾಕ್ಟ್ ಕೈಗೆ ಬರುವವರೆಗೆ ಮುಂದೂಡಿ.

ಹಳೇ ಗಾಡಿಯಾದರೆ ಇವನ್ನು ನೋಡಿ

• ಹಗಲಲ್ಲಿ ಒಳಗೆ ನಿಂತು, ಹೊರಗೊಬ್ಬರನ್ನು ನಿಲ್ಲಿಸಿ ಬಾಗಿಲು ಹಾಕಿಸಿ. ಬೆಳಕು ಕಂಡ ಕಡೆಯಿಂದ ಮಳೆ ನೀರೂ ಬರುತ್ತದೆ. ಚಾವಣಿಗೆ ಪೈಪ್‌ನಿಂದ ನೀರು ಬಿಟ್ಟು ಸೋರುತ್ತದೆಯೇ ನೋಡಿ.

• ಬಾಗಿಲಿನ ರಬ್ಬರ್, ಕೀಲು, ಲಾಕ್ ರಾಡ್ ಪರೀಕ್ಷಿಸಿ. ನೆಲದ ಅಡಿಗೆ ಹೋಗಿ ಅಡ್ಡಪಟ್ಟಿಗಳು ತುಕ್ಕು ಹಿಡಿದಿವೆಯೇ ನೋಡಿ. ಒಳಗೆ ರಾಸಾಯನಿಕದ ವಾಸನೆ ಇದ್ದರೆ ಬಟ್ಟೆ, ಆಹಾರದ ಲೋಡು ಸಿಗುವುದು ಕಷ್ಟ.

• ಓಪನ್ ಬಾಡಿ ತೆಗೆದು ಕಂಟೈನರ್ ಕೂರಿಸಿದ್ದರೆ ಆ ಬದಲಾವಣೆ ಆರ್‌ಸಿಯಲ್ಲಿ ನಮೂದಾಗಿರಬೇಕು.

• ಹಳೇ ಸಾಲ ತೀರಿದ್ದರೆ ಫೈನಾನ್ಸ್‌ನವರು ಸಹಿ ಹಾಕಿದ ಫಾರಂ 35 ಮತ್ತು ಎನ್‌ಒಸಿ ಪಡೆಯಿರಿ. ಬಾಕಿ ದಂಡಗಳನ್ನು ಪರಿವಾಹನ್ ಜಾಲತಾಣದಲ್ಲಿ ನೋಡಿ.

• ಗಾಡಿಯ ವಯಸ್ಸು ಮರೆಯಬೇಡಿ. ನ್ಯಾಷನಲ್ ಪರ್ಮಿಟ್ ಎರಡು ಆ್ಯಕ್ಸಲ್ ಲಾರಿಗೆ 12 ವರ್ಷ, ಮಲ್ಟಿ ಆ್ಯಕ್ಸಲ್‌ಗೆ 15 ವರ್ಷದವರೆಗೆ ಮಾತ್ರ. ಹತ್ತು ವರ್ಷ ಹಳೆಯ ಎರಡು ಆ್ಯಕ್ಸಲ್ ಗಾಡಿಗೆ ನಾಲ್ಕು ವರ್ಷದ ಸಾಲ ಮಾಡಿದರೆ, ಕೊನೆಯ ಎರಡು ವರ್ಷ ಗುಜರಾತ್ ದಾರಿ ಬಂದ್, ಕಂತು ಮಾತ್ರ ಚಾಲ್ತಿ. ಎಂಟು ವರ್ಷ ದಾಟಿದ ಗಾಡಿಗೆ ಪ್ರತಿ ವರ್ಷ ಎಫ್‌ಸಿ ಮಾಡಿಸಬೇಕು.

ಹೊಸ ಗಾಡಿಯೇ ಬೇಕೆಂದರೆ, ಸರಕು ಸಾಗಣೆ ವಾಹನಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ಕೊಟೇಶನ್‌ನಲ್ಲಿ ಚಾಸಿ ಮತ್ತು ಬಾಡಿಯ ಬೆಲೆಯನ್ನು ಬೇರೆ ಬೇರೆಯಾಗಿ ಬರೆಸಿಕೊಂಡು ಹೋಲಿಸಿ.

ಸಾಲದ ಕಾಗದಕ್ಕೆ ಸಹಿ ಹಾಕುವ ಮುಂಚೆ ಎರಡೂ ತುದಿಯ ಟ್ರಾನ್ಸ್‌ಪೋರ್ಟ್ ಆಫೀಸುಗಳಲ್ಲಿ ಕನಿಷ್ಠ ಎರಡು ತಿಂಗಳು ವಿಚಾರಿಸಿ. ಯಾವ ಸರಕು, ಎಷ್ಟು ತೂಕ, ಎಷ್ಟು ಬಾಡಿಗೆ, ಹಣ ಎಷ್ಟು ದಿನಕ್ಕೆ ಕೈಗೆ ಬರುತ್ತದೆ, ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ. ಎಷ್ಟು ಅಡಿಯ ಬಾಡಿ ಬೇಕೆಂದು ಆ ಪುಸ್ತಕವೇ ಹೇಳುತ್ತದೆ.