ಮಿದುಳಿನ ಚಿಕಿತ್ಸೆಗೆ ಮಣಿಕಟ್ಟಿನ ದಾರಿ

ಮಿದುಳಿನ ರಕ್ತನಾಳ ಉಬ್ಬಿದರೂ, ಕಟ್ಟಿಕೊಂಡರೂ ಈಗ ಎಲ್ಲರಿಗೂ ತಲೆಬುರುಡೆ ತೆರೆಯಬೇಕಾಗಿಲ್ಲ. ಕ್ಯಾತಿಟರ್ ಎಂಬ ಸಪೂರ ನಳಿಕೆಯನ್ನು ರಕ್ತನಾಳದೊಳಗಿಂದಲೇ ಮಿದುಳಿನವರೆಗೆ ಸಾಗಿಸಿ ಚಿಕಿತ್ಸೆ ನೀಡಲಾಗುತ್ತದೆ. ಬಹುಕಾಲ ಈ ನಳಿಕೆ ಒಳಹೋಗುತ್ತಿದ್ದದ್ದು ತೊಡೆಸಂದಿನ ಧಮನಿಯಿಂದ. ಈಚಿನ ವರ್ಷಗಳಲ್ಲಿ ಮಣಿಕಟ್ಟಿನ ಧಮನಿಯೂ, ಅಂದರೆ ವೈದ್ಯರು ನಾಡಿ ಹಿಡಿದು ನೋಡುವ ಜಾಗವೂ, ಬಳಕೆಗೆ ಬಂದಿದೆ.

ಈ ದಾರಿಯನ್ನು ರೂಢಿಗೆ ತಂದವರು ಹೃದಯ ವೈದ್ಯರು. 1989ರಲ್ಲಿ ಕೆನಡಾದ ಲೂಸಿಯೆನ್ ಕಾಂಪೊ ಮಣಿಕಟ್ಟಿನಿಂದ ಹೃದಯದ ಆಂಜಿಯೋಗ್ರಾಂ ಮಾಡಿದ ವರದಿ ಪ್ರಕಟಿಸಿದರು. 1992ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಇದೇ ದಾರಿಯಿಂದ ಆಂಜಿಯೋಪ್ಲಾಸ್ಟಿ ನಡೆಯಿತು. ಮಿದುಳಿನ ತಜ್ಞರು ಕೈಹಾಕಿದ್ದು ತಡವಾಗಿ.

ತೊಡೆಸಂದಿನ ಧಮನಿ ಆಳದಲ್ಲಿದೆ. ಅಲ್ಲಿ ಒಸರಿದ ರಕ್ತ ಹೊಟ್ಟೆಯ ಹಿಂಭಾಗದಲ್ಲಿ ಸೇರಿಕೊಂಡು ಹೊರಗೆ ಕಾಣದೇ ಇರಬಹುದು. ಚಿಕಿತ್ಸೆಯ ನಂತರ ಕಾಲು ಮಡಚದೆ ಗಂಟೆಗಟ್ಟಲೆ ಅಂಗಾತ ಮಲಗಿರಬೇಕು. ಬೆನ್ನುನೋವಿನ ಹಿರಿಯರಿಗೆ ಇದೇ ದೊಡ್ಡ ಶಿಕ್ಷೆ. ಮಣಿಕಟ್ಟಿನಲ್ಲಾದರೆ ಧಮನಿಯ ಕೆಳಗೇ ಎಲುಬಿದೆ, ಪಟ್ಟಿ ಬಿಗಿದರೆ ರಕ್ತ ನಿಲ್ಲುತ್ತದೆ. ರೋಗಿ ಬೇಗ ಎದ್ದು ಕೂರಬಹುದು. ಆ ಧಮನಿ ಮುಂದೆ ಮುಚ್ಚಿಹೋದರೂ ಹಸ್ತಕ್ಕೆ ಇನ್ನೊಂದು ಧಮನಿಯ ರಕ್ತ ಸಿಗುವುದರಿಂದ ಸಾಮಾನ್ಯವಾಗಿ ತೊಂದರೆಯಾಗದು.

ಆದರೆ ಇದು ಎಲ್ಲರಿಗೂ ಒಗ್ಗದು. ಧಮನಿಯ ಅಗಲ 2-3 ಮಿ.ಮೀ. ಮಾತ್ರ, ದಪ್ಪ ನಳಿಕೆ ಹಿಡಿಸದು, ನಾಳ ಸೆಟೆದುಕೊಳ್ಳುವುದೂ ಉಂಟು. ಬಲಗೈಯಿಂದ ಹೊರಟ ನಳಿಕೆಯನ್ನು ಕುತ್ತಿಗೆಯ ಎಡ ಧಮನಿಗೆ ತಿರುಗಿಸುವುದು ಕೆಲವರಲ್ಲಿ ಕಷ್ಟ. ಪಾರ್ಶ್ವವಾಯುವಿನಲ್ಲಿ ರಕ್ತದ ಹೆಪ್ಪು ತೆಗೆಯಲು ಈಗಲೂ ತೊಡೆಯ ದಾರಿಯೇ ಹೆಚ್ಚು ಬಳಕೆಯಲ್ಲಿದೆ. ಕಿಡ್ನಿ ಕಾಯಿಲೆ ಇರುವವರಂತೂ ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕು. ಮುಂದೆ ಡಯಾಲಿಸಿಸ್‌ಗೆ ಕೈಯ ಆ ರಕ್ತನಾಳವೇ ಬೇಕಾದೀತು.