ಹತ್ತು-ಒಂಬತ್ತು-ಎಂಟು: ಒಂದು ದೂರವಾಣಿ ಸಂಖ್ಯೆ ದೇಶವ್ಯಾಪಿಯಾದ ಕಥೆ

ತೊಂಬತ್ತರ ದಶಕದ ಮೊದಲ ವರ್ಷಗಳು. ಮುಂಬೈಯನ್ನು ಜನ ಇನ್ನೂ ಬೊಂಬಾಯಿ ಎಂದೇ ಕರೆಯುತ್ತಿದ್ದ ಕಾಲ. ರೈಲು ನಿಲ್ದಾಣದ ಪ್ಲಾಟ್‌ಫಾರಂ, ಮೇಲ್ಸೇತುವೆಯ ಅಡಿ, ಬಾಗಿಲು ಹಾಕಿದ ಅಂಗಡಿಗಳ ಕಟ್ಟೆ ಇವೇ ಮನೆಯಾಗಿದ್ದ ಸಾವಿರಾರು ಮಕ್ಕಳು ಆ ನಗರದಲ್ಲಿದ್ದರು. ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ ಪಾಠ ಹೇಳುತ್ತಿದ್ದ ಜೆರೂ ಬಿಲಿಮೋರಿಯಾ ಎಂಬ ಯುವ ಅಧ್ಯಾಪಕಿ ಈ ಮಕ್ಕಳ ರಾತ್ರಿ ತಂಗುದಾಣಗಳಿಗೆ ಹೋಗಿಬರುತ್ತಿದ್ದರು. ತೀರಾ ತೊಂದರೆಯಾದರೆ ಇರಲಿ ಎಂದು ತಮ್ಮ ಮನೆಯ ಫೋನ್ ನಂಬರನ್ನು ಮಕ್ಕಳಿಗೆ ಕೊಟ್ಟಿದ್ದರು. ಹೊತ್ತಲ್ಲದ ಹೊತ್ತಿನಲ್ಲಿ ಆ ಫೋನು ಗಂಟೆ ಬಾರಿಸತೊಡಗಿತು. ಗಾಯಗೊಂಡವರು, ಜ್ವರ ಬಂದವರು, ಪೊಲೀಸರ ಕೈಗೆ ಸಿಕ್ಕವರು, ಏನೂ ಆಗದಿದ್ದರೂ ಯಾರೊಡನೆಯಾದರೂ ಎರಡು ಮಾತನಾಡಬೇಕೆನಿಸಿದವರು, ಎಲ್ಲರಿಗೂ ಗೊತ್ತಿದ್ದುದು ಅದೊಂದೇ ನಂಬರು.

ಒಬ್ಬರ ಮನೆಯ ಫೋನು ಒಂದು ಮಹಾನಗರದ ಮಕ್ಕಳಿಗೆಲ್ಲ ಎಲ್ಲಿ ಸಾಕಾದೀತು? ಇಂದು ದೇಶದ ಯಾವ ಮೂಲೆಯಿಂದಲಾದರೂ ಮಗುವೊಂದು ಕರೆಯಬಹುದಾದ 1098 ಎಂಬ ಸಂಖ್ಯೆ ಹುಟ್ಟಿದ್ದು ಈ ಪ್ರಶ್ನೆಯಿಂದ. ನಾಲ್ಕು ಅಂಕಿಯ ಒಂದು ನಂಬರು ಪಡೆಯುವುದೆಂದರೆ ಇಲಾಖೆಗೆ ಒಂದು ಅರ್ಜಿ ಬರೆದು ಹಾಕಿದಷ್ಟೇ ಕೆಲಸ ಎಂದು ಯಾರಿಗಾದರೂ ತೋರಬಹುದು. ಆದರೆ ಬಡ ದೇಶವೊಂದರಲ್ಲಿ ತುರ್ತು ಕರೆಯ ವ್ಯವಸ್ಥೆ ಕಟ್ಟುವವರಿಗೆ ನಂಬರು ಸಿಕ್ಕ ದಿನದಿಂದಲೇ ನಿಜವಾದ ಕಷ್ಟ ಶುರುವಾಗುತ್ತದೆ.

ತುರ್ತು ಸಂಖ್ಯೆ ಎಂಬ ಕಲ್ಪನೆಗೂ ಒಂದು ಹುಟ್ಟಿದ ಕಥೆಯಿದೆ. 1935ರ ನವೆಂಬರಿನಲ್ಲಿ ಲಂಡನ್ನಿನ ವಿಂಪೋಲ್ ಸ್ಟ್ರೀಟಿನ ಮನೆಯೊಂದಕ್ಕೆ ಬೆಂಕಿ ಬಿದ್ದು ಐವರು ಮಹಿಳೆಯರು ಸತ್ತರು. ನೆರೆಯವನೊಬ್ಬ ಅಗ್ನಿಶಾಮಕ ದಳಕ್ಕೆ ಫೋನು ಮಾಡಲು ಹೋದರೆ ಎಕ್ಸ್‌ಚೇಂಜಿನವರು ಎತ್ತಲೇ ಇಲ್ಲ. ಅವನ ಕರೆ ಉಳಿದ ಕರೆಗಳ ಸಾಲಿನಲ್ಲಿ ಕಾಯುತ್ತಾ ಕೂತಿತು. ಸಿಟ್ಟಿಗೆದ್ದು ಆತ ‘ದಿ ಟೈಮ್ಸ್’ ಪತ್ರಿಕೆಗೆ ಪತ್ರ ಬರೆದ. ಸರ್ಕಾರ ವಿಚಾರಣೆ ನಡೆಸಿತು. ಅದರ ಫಲವಾಗಿ 1937ರ ಜೂನ್ 30ರಂದು ಲಂಡನ್ನಿನಲ್ಲಿ 999 ಜಾರಿಗೆ ಬಂತು. ಸುಲಭವಾದ 111 ಬಿಟ್ಟು 999 ಏಕೆ? ಬೆರಳು ತೂರಿಸಿ ತಿರುಗಿಸುವ ಹಳೆಯ ಫೋನಿನಲ್ಲಿ ಒಂದನ್ನು ತಿರುಗಿಸಿದರೆ ತಂತಿಯಲ್ಲಿ ಒಂದು ತುಡಿತ ಮಾತ್ರ ಹೋಗುತ್ತಿತ್ತು. ಗಾಳಿಗೆ ಎರಡು ತಂತಿ ತಾಗಿಕೊಂಡರೂ ಅಂಥದೇ ತುಡಿತ ಹುಟ್ಟಿ, ಯಾರೂ ಕರೆಯದೆಯೇ ಗಂಟೆ ಬಾರಿಸುವ ಅಪಾಯವಿತ್ತು. ಒಂಬತ್ತಾದರೆ ಹೊಗೆ ತುಂಬಿದ ಕತ್ತಲಲ್ಲೂ ಬೆರಳಿನಿಂದ ತಡವಿ ಗುರುತಿಸಬಹುದಾದ ಜಾಗದಲ್ಲಿತ್ತು. ನಾಣ್ಯದ ಫೋನುಗಳಲ್ಲಿ ಆ ಅಂಕಿಯನ್ನು ನಾಣ್ಯ ಹಾಕದೆ ತಿರುಗಿಸುವಂತೆ ಮಾರ್ಪಡಿಸುವುದೂ ಸುಲಭವಿತ್ತು. ಇಷ್ಟು ಸಣ್ಣ ಸಂಗತಿಗಳನ್ನು ಯೋಚಿಸಿ ಆರಿಸಿದ ಸಂಖ್ಯೆ ಅದು.

ನಮ್ಮಲ್ಲಿ ಪೊಲೀಸರಿಗೆ 100, ಬೆಂಕಿಗೆ 101, ಆಂಬ್ಯುಲೆನ್ಸಿಗೆ 102 ಎಂದು ಬಹುಕಾಲ ರೂಢಿಯಲ್ಲಿತ್ತು. ಟ್ರಂಕ್ ಕಾಲ್ ಬುಕ್ ಮಾಡಲು 180, ನಂಬರು ವಿಚಾರಿಸಲು 197, ಫೋನು ಕೆಟ್ಟರೆ ದೂರು ಕೊಡಲು 198 ತಿರುಗಿಸಿದ್ದು ಹಿರಿಯ ಓದುಗರಿಗೆ ನೆನಪಿರಬಹುದು. ಎಲ್ಲವೂ ಒಂದರಿಂದಲೇ ಶುರುವಾಗುತ್ತವೆ. ಸಾಮಾನ್ಯ ಚಂದಾದಾರರ ನಂಬರು ಒಂದರಿಂದ ಆರಂಭವಾಗುತ್ತಿರಲಿಲ್ಲ. ಮೊದಲ ಅಂಕಿ ಒಂದು ಎಂದು ಕಂಡರೆ ಇದು ವಿಶೇಷ ಸೇವೆಯ ಕರೆ ಎಂದು ಎಕ್ಸ್‌ಚೇಂಜಿಗೆ ತಿಳಿಯುತ್ತಿತ್ತು. ಈ ಸಾಲಿನಲ್ಲಿ ಮಕ್ಕಳಿಗೂ ಒಂದು ಜಾಗ ಬೇಕು ಎಂಬುದೇ ಬಿಲಿಮೋರಿಯಾ ಅವರ ಬೇಡಿಕೆ.

ಬೀದಿಯ ಮಗುವಿಗೆ ಅಕ್ಷರ ಬರುವುದಿಲ್ಲ, ಜೇಬಿನಲ್ಲಿ ಕಾಸಿರುವುದಿಲ್ಲ, ಕಷ್ಟ ಬರುವುದು ಕಚೇರಿಯ ವೇಳೆ ನೋಡಿಕೊಂಡೂ ಅಲ್ಲ. ಆದ್ದರಿಂದ ಸಂಖ್ಯೆ ಚಿಕ್ಕದಾಗಿರಬೇಕು, ಬಾಯಲ್ಲಿ ನಿಲ್ಲಬೇಕು, ಪುಕ್ಕಟೆಯಾಗಿರಬೇಕು, ಇಪ್ಪತ್ತನಾಲ್ಕು ಗಂಟೆಯೂ ಎತ್ತುವವರಿರಬೇಕು. ಪುಕ್ಕಟೆ ಎಂಬ ಮಾತಿನಲ್ಲೇ ದೊಡ್ಡ ತೊಡಕಿತ್ತು. ಕರೆ ಉಚಿತವೆಂದರೆ ಇಲಾಖೆ ಅದರ ವರಮಾನ ಬಿಟ್ಟುಕೊಡಬೇಕು. ರಸ್ತೆ ಬದಿಯ ಪೆಟ್ಟಿಗೆ ಫೋನು ನಾಣ್ಯ ನುಂಗದೆ ಕರೆಯನ್ನು ದಾಟಿಸಬೇಕು. ನಗರದ ಒಂದೊಂದು ಎಕ್ಸ್‌ಚೇಂಜಿನಲ್ಲೂ ಅದಕ್ಕೆ ಏರ್ಪಾಡಾಗಬೇಕು. ಓಡಾಟವೆಲ್ಲ ಮುಗಿದು 1996ರ ಜೂನ್‌ನಲ್ಲಿ ಮುಂಬೈಯಲ್ಲಿ ‘ಚೈಲ್ಡ್‌ಲೈನ್’ ಆರಂಭವಾಯಿತು. ಸಿಕ್ಕ ಸಂಖ್ಯೆ 1098. ಅದನ್ನು ‘ಸಾವಿರದ ತೊಂಬತ್ತೆಂಟು’ ಎಂದರೆ ಬೀದಿಯ ಹುಡುಗರಿಗೆ ಹತ್ತುವುದಿಲ್ಲ. ‘ದಸ್-ನೌ-ಆಠ್’ ಎಂದರೆ, ಆಟದಲ್ಲಿ ಲೆಕ್ಕ ಹಿಂದಕ್ಕೆ ಎಣಿಸಿದಂತೆ, ತಕ್ಷಣ ನಾಲಿಗೆಗೆ ಬರುತ್ತದೆ. ಹತ್ತು, ಒಂಬತ್ತು, ಎಂಟು. ಪ್ರಚಾರದಲ್ಲಿ ಕೊನೆಗೆ ಉಳಿದದ್ದು ಈ ಎಣಿಕೆಯೇ.

ಫೋನು ಎತ್ತುವ ಕೆಲಸಕ್ಕೆ ಪದವೀಧರರನ್ನಷ್ಟೇ ಕೂರಿಸಲಿಲ್ಲ. ಬೀದಿಯಲ್ಲೇ ಬೆಳೆದ ಯುವಕ ಯುವತಿಯರೂ ತಂಡದಲ್ಲಿದ್ದರು. ‘ನಾನು ಪುಲಿನ ಹತ್ತಿರ ಇದ್ದೀನಿ’ ಎಂದು ಮಗುವೊಂದು ಹೇಳಿದರೆ ಯಾವ ಪುಲು, ಅದರ ಯಾವ ಬದಿ ಎಂದು ಅವರಿಗೆ ಗೊತ್ತಾಗುತ್ತಿತ್ತು, ನಕಾಶೆ ಬೇಕಿರಲಿಲ್ಲ. ಕರೆ ಬಂದ ಒಂದು ಗಂಟೆಯೊಳಗೆ ಒಬ್ಬರು ಮಗು ಇದ್ದಲ್ಲಿಗೆ ತಲುಪಬೇಕು ಎಂಬುದು ನಿಯಮ. ಬಸ್ಸಿನಲ್ಲೋ ಲೋಕಲ್ ರೈಲಿನಲ್ಲೋ ಅಂತೂ ಹೋಗಿ ಮುಟ್ಟಬೇಕು.

ತಲುಪಿದ ಮೇಲೆ? ಇಲ್ಲಿ ಕಥೆ ಬೇರೆಯೇ ಆಗುತ್ತದೆ. ಅಪ್ಪ ಅಮ್ಮನ ಸಹಿ ಇಲ್ಲದ ಮಗುವನ್ನು ಸೇರಿಸಿಕೊಳ್ಳಲು ಆಸ್ಪತ್ರೆ ಹಿಂಜರಿಯುತ್ತದೆ. ಮೈಯೆಲ್ಲ ಕೊಳೆಯಾದ ಹುಡುಗನನ್ನು ವಾರ್ಡಿನಲ್ಲಿ ಮಲಗಿಸಲು ದಾದಿಯರು ಒಪ್ಪುವುದಿಲ್ಲ. ಬೀದಿ ಹುಡುಗನೆಂದರೆ ಕಳ್ಳನೇ ಇರಬೇಕೆಂದು ಪೊಲೀಸ್ ಠಾಣೆ ಮೊದಲೇ ತೀರ್ಮಾನಿಸಿರುತ್ತದೆ. ಫೋನು ಒಂದೇ ನಿಮಿಷದಲ್ಲಿ ತಾಗಬಹುದು, ಆದರೆ ಆ ನಿಮಿಷದ ಆಚೆ ಬಾಗಿಲು ತೆರೆಯುವವರಿಲ್ಲದಿದ್ದರೆ ಅದು ಬರಿಯ ಗಂಟೆ. ಆದ್ದರಿಂದ ಚೈಲ್ಡ್‌ಲೈನಿನವರು ಕರೆ ಸ್ವೀಕರಿಸಿದಷ್ಟೇ ಶ್ರಮವನ್ನು ಪೊಲೀಸರು, ವೈದ್ಯರು, ರೈಲ್ವೆ ಸಿಬ್ಬಂದಿಗೆ ತಿಳಿವಳಿಕೆ ಕೊಡುವುದಕ್ಕೂ ವ್ಯಯಿಸಬೇಕಾಯಿತು. ಸಿನಿಮಾ ಪೋಸ್ಟರಿನಂತೆ ಕಣ್ಣಿಗೆ ಬೀಳದ ಈ ಕೆಲಸವೇ ಆ ಸಂಖ್ಯೆಯ ಬುನಾದಿ ಎನ್ನಬೇಕು.

ಮುಂಬೈಯ ಪ್ರಯೋಗವನ್ನು ದೇಶಕ್ಕೆ ಹರಡುವ ವಿಚಾರಕ್ಕೆ ಕೇಂದ್ರ ಸರ್ಕಾರ ಬೆಂಬಲ ಕೊಟ್ಟಿತು. 1999ರಲ್ಲಿ ಚೈಲ್ಡ್‌ಲೈನ್ ಇಂಡಿಯಾ ಫೌಂಡೇಷನ್ ಸ್ಥಾಪನೆಯಾಯಿತು. ಊರೂರಿಗೂ ಹೊಸ ಕಚೇರಿ ಕಟ್ಟುವ, ಹೊಸ ನೌಕರರನ್ನು ನೇಮಿಸುವ ಗೋಜಿಗೆ ಅದು ಹೋಗಲಿಲ್ಲ. ಆಯಾ ಊರಿನಲ್ಲಿ ಮಕ್ಕಳ ನಡುವೆ ಮೊದಲೇ ಕೆಲಸ ಮಾಡುತ್ತಿದ್ದ ಸಂಸ್ಥೆಗಳಿಗೇ ಸಂಖ್ಯೆಯನ್ನು ಒಪ್ಪಿಸಿತು. ಬೆಂಗಳೂರಿನಲ್ಲಿ ಬೋಸ್ಕೋ, ಅಪ್ಸಾ ಸಂಸ್ಥೆಗಳು ಹೀಗೆ ಹೆಗಲು ಕೊಟ್ಟವು. ಹಣ ಸರ್ಕಾರದ್ದು, ತಂತಿ ದೂರಸಂಪರ್ಕ ಇಲಾಖೆಯದು, ಕಾಲ್ನಡಿಗೆ ಸ್ವಯಂಸೇವಾ ಸಂಸ್ಥೆಯದು. ಖಜಾನೆ ಬಡವಾಗಿರುವ ದೇಶಕ್ಕೆ ಇದಕ್ಕಿಂತ ಒಗ್ಗುವ ಏರ್ಪಾಡು ಇನ್ನೊಂದಿರಲಾರದು. ಇದೇ ಅನುಭವದ ಬಲದಿಂದ ಬಿಲಿಮೋರಿಯಾ 2003ರಲ್ಲಿ ಅಂತರರಾಷ್ಟ್ರೀಯ ಮಟ್ಟದ ಮಕ್ಕಳ ಸಹಾಯವಾಣಿ ಒಕ್ಕೂಟವನ್ನು ಕಟ್ಟಿದರು. ಮುಂದೆ 2015ರ ಬಾಲನ್ಯಾಯ ಕಾಯ್ದೆ ಚೈಲ್ಡ್‌ಲೈನ್ ಸೇವೆಗೆ ಕಾನೂನಿನಲ್ಲೇ ಸ್ಥಾನ ನೀಡಿತು.

‘ಸಹಾಯವಾಣಿ’ ಎಂಬ ಕನ್ನಡ ಮಾತಿನ ಬಗ್ಗೆ ಇಲ್ಲೊಂದು ಮಾತು. ಮೈಸೂರಿನ ಗೋಪಾಲಸ್ವಾಮಿಯವರ ಬಾನುಲಿ ಕೇಂದ್ರದಿಂದ ದೇಶಕ್ಕೇ ಹಬ್ಬಿದ ‘ಆಕಾಶವಾಣಿ’ಯ ಜಾಡಿನಲ್ಲೇ ‘ದೂರವಾಣಿ’, ‘ಸಹಾಯವಾಣಿ’ಗಳೂ ಬಂದವು. ಪದ ಸೊಗಸಾಗಿದೆ, ಆದರೆ ಸಹಾಯವಾಣಿಯಲ್ಲಿ ವಾಣಿಗಿಂತ ಕಿವಿಗೇ ಕೆಲಸ ಹೆಚ್ಚು. 1098ಕ್ಕೆ ಬರುವ ಕರೆಗಳಲ್ಲಿ ಬಹಳಷ್ಟರಲ್ಲಿ ಆ ಕಡೆಯಿಂದ ಮಾತೇ ಇರುವುದಿಲ್ಲ. ಉಸಿರು ಕೇಳಿಸುತ್ತದೆ, ಹಿನ್ನೆಲೆಯಲ್ಲಿ ಬೀದಿಯ ಸದ್ದು ಕೇಳಿಸುತ್ತದೆ, ಅಷ್ಟೆ. ಬೇರೆ ಕಚೇರಿಯಾದರೆ ರಾಂಗ್ ನಂಬರ್ ಎಂದು ಕುಕ್ಕಿಬಿಡುತ್ತಿದ್ದರು. ಇಲ್ಲಿ ಹಾಗೆ ಮಾಡುವಂತಿಲ್ಲ. ಮಗು ದನಿಯನ್ನು ಪರೀಕ್ಷಿಸುತ್ತಿರಬಹುದು, ಧೈರ್ಯ ಸಾಲದೆ ಇರಬಹುದು, ಹೊಡೆಯುವವರು ಪಕ್ಕದ ಕೋಣೆಯಲ್ಲೇ ಇರಬಹುದು. ಆದ್ದರಿಂದ ಮೌನದೊಂದಿಗೇ ನಾಲ್ಕು ಒಳ್ಳೆಯ ಮಾತಾಡಿ, ಯಾವಾಗ ಬೇಕಾದರೂ ಮತ್ತೆ ಕರೆಯಬಹುದೆಂದು ತಿಳಿಸಬೇಕು. ಬೈಗುಳದ ಕರೆಗಳೂ, ಹುಡುಗಾಟದ ಕರೆಗಳೂ ಬರುತ್ತವೆ. ಇವತ್ತು ಬೈದ ಹುಡುಗನಿಗೆ ನಾಳೆ ನಿಜವಾದ ಕಷ್ಟ ಬಂದರೆ ನೆನಪಾಗುವುದು ಅದೇ ನಂಬರು.

ಸೇವೆ ಮಹಾನಗರಗಳಿಂದ ಜಿಲ್ಲೆಗಳಿಗೆ ಇಳಿದಂತೆ ಕರೆಗಳ ಸ್ವರೂಪವೂ ಬದಲಾಯಿತು. ನಮ್ಮ ರಾಜ್ಯದ ಹಳ್ಳಿಗಳಿಂದ ಬರುವ ಕರೆಗಳಲ್ಲಿ ಬಾಲ್ಯವಿವಾಹದ ಸುಳಿವುಗಳಿಗೆ ವಿಶೇಷ ಸ್ಥಾನವಿದೆ. ಚಪ್ಪರ ಹಾಕಿದ ಮನೆಯಿಂದ ಹುಡುಗಿಯೇ ಕರೆಯುವುದುಂಟು. ಗೆಳತಿಯೋ ಮೇಷ್ಟರೋ ಹೆಸರು ಹೇಳದೆ ತಿಳಿಸುವುದುಂಟು. ಹೆಸರು ಹೇಳದೆ ತಿಳಿಸಬಹುದು ಎಂಬುದು ಒಂದೇ ಕೇರಿಯಲ್ಲಿ ಬದುಕಬೇಕಾದವರಿಗೆ ಎಷ್ಟು ದೊಡ್ಡ ಅನುಕೂಲ ಎಂಬುದನ್ನು ಹಳ್ಳಿ ಬಲ್ಲವರು ಬಲ್ಲರು. 2020ರ ಮಾರ್ಚ್ ಕೊನೆಯಲ್ಲಿ ಕೋವಿಡ್ ಕಾರಣದಿಂದ ದೇಶ ಬಾಗಿಲು ಹಾಕಿಕೊಂಡಾಗ, ಹನ್ನೊಂದು ದಿನಗಳಲ್ಲಿ ಈ ಸಂಖ್ಯೆಗೆ ಮೂರು ಲಕ್ಷಕ್ಕೂ ಮೀರಿ ಕರೆಗಳು ಬಂದವು. ಅವುಗಳಲ್ಲಿ 92 ಸಾವಿರದಷ್ಟು ಹಿಂಸೆ, ದೌರ್ಜನ್ಯಗಳಿಂದ ರಕ್ಷಣೆ ಕೋರಿದಂಥವು. ಹೊರಗಿನ ರೋಗಕ್ಕೆ ಹೆದರಿ ಹಾಕಿದ ಬಾಗಿಲು ಕೆಲವು ಮಕ್ಕಳನ್ನು ಒಳಗಿನವರ ಕೈಗೆ ಕೊಟ್ಟಿತ್ತು.

ಮೊಬೈಲ್ ಬಂದದ್ದು ವರವೂ ಆಯಿತು, ತಲೆನೋವೂ ಆಯಿತು. ತಂತಿಯ ಫೋನಿನಲ್ಲಿ ಕರೆ ಯಾವ ಊರಿನದೆಂದು ಎಕ್ಸ್‌ಚೇಂಜಿಗೆ ಗೊತ್ತು. ಅದನ್ನು ಅಲ್ಲಿಯ ಕೇಂದ್ರಕ್ಕೇ ತಿರುಗಿಸಿದರಾಯಿತು. ಮೊಬೈಲಿನ ಕರೆ ಹಿಡಿಯುವುದು ಟವರು. ಗಡಿ ಊರಿನಲ್ಲಿ ಪಕ್ಕದ ರಾಜ್ಯದ ಟವರು ಕರೆಯನ್ನು ಸೆಳೆದುಕೊಂಡರೆ ಕನ್ನಡದ ಹುಡುಗಿಯ ಅಳಲಿಗೆ ಮರಾಠಿಯಲ್ಲೋ ತೆಲುಗಿನಲ್ಲೋ ಉತ್ತರ ಬರಬಹುದು. ಕ್ರಮೇಣ ಊರೂರಿನ ಫೋನುಗಳ ಬದಲು ದೊಡ್ಡ ನಗರಗಳ ಕೆಲವೇ ಕೇಂದ್ರಗಳಲ್ಲಿ ಕರೆ ಸ್ವೀಕರಿಸಿ, ಅಲ್ಲಿಂದ ಜಿಲ್ಲೆಯ ತಂಡಕ್ಕೆ ತಿಳಿಸುವ ಪದ್ಧತಿ ಬಂತು. ಲೆಕ್ಕಪತ್ರ ಅಚ್ಚುಕಟ್ಟಾಯಿತು. ಪುಲಿನ ಯಾವ ಬದಿ ಎಂದು ಕೇಳದೆಯೇ ತಿಳಿಯುತ್ತಿದ್ದ ಕಿವಿ ಮಾತ್ರ ದೂರವಾಯಿತು.

ಈ ನಡುವೆ ಬೇರೆ ತುರ್ತು ಸಂಖ್ಯೆಗಳೂ ಬೆಳೆದವು. 2005ರ ಆಗಸ್ಟ್‌ನಲ್ಲಿ ಹೈದರಾಬಾದಿನಲ್ಲಿ ಆರಂಭವಾದ 108 ಆಂಬ್ಯುಲೆನ್ಸ್ ಸೇವೆ 2008ರ ರಾಜ್ಯೋತ್ಸವದ ದಿನ ‘ಆರೋಗ್ಯ ಕವಚ’ ಎಂಬ ಹೆಸರಿನಲ್ಲಿ ಕರ್ನಾಟಕಕ್ಕೂ ಬಂತು. 2012ರ ಡಿಸೆಂಬರಿನ ದೆಹಲಿಯ ಘೋರ ಘಟನೆಯ ನಂತರ, ಇಷ್ಟೊಂದು ನಂಬರು ಯಾರಿಗೆ ನೆನಪಿರುತ್ತದೆ, ಒಂದೇ ಇರಲಿ ಎಂಬ ಕೂಗೆದ್ದಿತು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ 2015ರಲ್ಲಿ 112 ಅನ್ನು ಶಿಫಾರಸು ಮಾಡಿತು. ಯೂರೋಪಿನಲ್ಲಿ ಮೊದಲೇ ಬಳಕೆಯಲ್ಲಿದ್ದ ಆ ಸಂಖ್ಯೆಯನ್ನು ಮೊಬೈಲ್ ಫೋನುಗಳು ಹುಟ್ಟಿನಿಂದಲೇ ಬಲ್ಲವು. ಪರದೆಗೆ ಬೀಗ ಹಾಕಿದ್ದರೂ ಅದು ತಾಗುತ್ತದೆ. 2018ರ ನವೆಂಬರಿನಲ್ಲಿ ಹಿಮಾಚಲ ಪ್ರದೇಶದಿಂದ ಶುರುವಾದ ಈ ವ್ಯವಸ್ಥೆ ಬಹುಬೇಗ ಇತರ ರಾಜ್ಯಗಳಿಗೂ ಹಬ್ಬಿತು.

2023ರಿಂದ 1098 ಕೂಡ ಇದರೊಂದಿಗೆ ಜೋಡಣೆಯಾಯಿತು. ಕರೆ ಸ್ವೀಕರಿಸುವ ಹೊಣೆ ಸ್ವಯಂಸೇವಾ ಸಂಸ್ಥೆಗಳ ಕೈಯಿಂದ ರಾಜ್ಯ ಸರ್ಕಾರಗಳಿಗೆ ಬಂತು. ತೀರಾ ತುರ್ತಿನ ಕರೆ 112ಕ್ಕೆ ಹೋಗುತ್ತದೆ, ಉಳಿದವು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಕರೆ ಎಲ್ಲಿಂದ ಬಂತೆಂದು ಪತ್ತೆ ಹಚ್ಚುವ ತಂತ್ರಜ್ಞಾನ, ಹತ್ತಿರದಲ್ಲೇ ಗಸ್ತಿನಲ್ಲಿರುವ ಪೊಲೀಸ್ ವಾಹನ, ಇವೆಲ್ಲ ಸಣ್ಣ ಲಾಭಗಳಲ್ಲ. ಆದರೆ ಈ ಸಂಖ್ಯೆ ಹುಟ್ಟಿದ್ದೇ ಖಾಕಿ ಕಂಡರೆ ಓಡುವ ಮಕ್ಕಳಿಗಾಗಿ ಎಂಬುದನ್ನು ಮರೆಯುವಂತಿಲ್ಲ. ಸೈರನ್ನಿನ ಸದ್ದು ಕೇಳಿದೊಡನೆ ಫೋನಿಟ್ಟು ಕತ್ತಲಲ್ಲಿ ಕಣ್ಮರೆಯಾಗುವ ಹುಡುಗನನ್ನು ಜೀಪು ಎಷ್ಟು ಬೇಗ ತಲುಪಿದರೂ ಏನು ಬಂತು? ಹೊಸ ಏರ್ಪಾಡಿನಲ್ಲಿ ಫೋನು ಎತ್ತುವ ದನಿ ಹೇಗಿರುತ್ತದೆ ಎಂಬುದರ ಮೇಲೆ ಬಹಳಷ್ಟು ನಿಂತಿದೆ.

ಇನ್ನೊಂದು ಬದಲಾವಣೆಯನ್ನು ಯಾವ ಇಲಾಖೆಯೂ ಆದೇಶ ಹೊರಡಿಸಿ ತಂದದ್ದಲ್ಲ. ಅಂಗಡಿಗಳ ಮುಂದಿದ್ದ ಒಂದು ರೂಪಾಯಿಯ ಫೋನುಗಳೂ, ಎಸ್‌ಟಿಡಿ ಬೂತುಗಳೂ ಒಂದೊಂದಾಗಿ ಕಾಣೆಯಾದವು. ದೊಡ್ಡವರ ಕೈಗೆಲ್ಲ ಮೊಬೈಲ್ ಬಂದ ಮೇಲೆ ಅವುಗಳ ಕೊರತೆ ಯಾರಿಗೂ ತಿಳಿಯಲಿಲ್ಲ. ಮನೆ ಬಿಟ್ಟು ರೈಲಿನಲ್ಲಿ ಬಂದಿಳಿದ ಹತ್ತು ವರ್ಷದ ಹುಡುಗನಿಗೆ ಮಾತ್ರ ಉಚಿತ ಸಂಖ್ಯೆ ಉಂಟು, ಒತ್ತಲು ಫೋನಿಲ್ಲ. ರೈಲ್ವೆ ಇಲಾಖೆ 2015ರಲ್ಲಿ ಮಕ್ಕಳಿಗಾಗಿ ಕಾರ್ಯವಿಧಾನವೊಂದನ್ನು ರೂಪಿಸಿದ ಮೇಲೆ ದೊಡ್ಡ ನಿಲ್ದಾಣಗಳಲ್ಲಿ ಮಕ್ಕಳ ಸಹಾಯ ಕೇಂದ್ರಗಳು ತೆರೆದಿವೆ. ಅಲ್ಲಿಯ ಕಾರ್ಯಕರ್ತರು ಕರೆಗಾಗಿ ಕಾಯದೆ ಪ್ಲಾಟ್‌ಫಾರಂ ಮೇಲೆ ಅತ್ತಿಂದಿತ್ತ ನಡೆಯುತ್ತಾರೆ. ರೈಲು ಬಂದು ಜನವೆಲ್ಲ ಇಳಿದು ಹೋದ ಮೇಲೂ ಬೆಂಚಿನ ಮೇಲೆ ಒಂಟಿಯಾಗಿ ಕೂತ ಮಗುವೊಂದು ಕಂಡರೆ ಪಕ್ಕದಲ್ಲಿ ಹೋಗಿ ಕೂರುತ್ತಾರೆ. ಮೊದಲು ಕೇಳುವುದು ಹೆಸರನ್ನಲ್ಲ, ತಿಂಡಿ ಆಯಿತೇ ಎಂದು.