ಅಚ್ಚಿನ ಮೊಳೆಗಳ ನಡುವೆ ನಮ್ಮ ತಂದೆ

ಪುಸ್ತಕವೊಂದು ಕೈಸೇರಿದಾಗ ನಾವು ಗ್ರಂಥಕರ್ತರ ಹೆಸರನ್ನು ನೋಡುತ್ತೇವೆ. ಪ್ರಕಾಶಕರ ಹೆಸರನ್ನೂ ಒಮ್ಮೊಮ್ಮೆ ನೋಡುವುದುಂಟು. ಮುದ್ರಕರ ಹೆಸರಿನ ಮೇಲೆ ಕಣ್ಣು ನಿಲ್ಲುವುದು ಅಪರೂಪ. ನನ್ನ ಕಣ್ಣು ಮಾತ್ರ ಮೊದಲು ಅಲ್ಲಿಗೇ ಹೋಗುತ್ತದೆ. ನಮ್ಮ ತಂದೆಯವರು ಮುದ್ರಕರಾಗಿದ್ದರು.

ಧಾರವಾಡದ ನಮ್ಮ ಮನೆಯ ಪಡಸಾಲೆಯೇ ಅವರ ಅಚ್ಚುಕೂಟ. ಇನ್ನೊಬ್ಬರ ಮುದ್ರಣಾಲಯದಲ್ಲಿ ಹತ್ತು ವರುಷ ದುಡಿದು, ಉಳಿತಾಯಕ್ಕೆ ಸಾಲವನ್ನು ಕೂಡಿಸಿ, ಕನ್ನಡ ನಾಡು ಒಂದಾದ ೧೯೫೬ರಲ್ಲಿ ಅವರು ಹಳೆಯ ಟ್ರೆಡಲ್ ಯಂತ್ರವೊಂದನ್ನು ಕೊಂಡರು. ಮಾಲಿಕರೂ ಅವರೇ, ಮೊಳೆ ಜೋಡಿಸುವವರೂ ಅವರೇ, ಯಂತ್ರ ತುಳಿಯುವವರೂ ಅವರೇ. ಲಗ್ನಪತ್ರಿಕೆ, ಪಾವತಿ ಪುಸ್ತಕ, ನಾಟಕದ ಕರಪತ್ರ, ಎಂದಾದರೊಮ್ಮೆ ಎಳೆಯ ಕವಿಯ ಮೊದಲ ಸಂಕಲನ: ಇವುಗಳಿಂದಲೇ ಆರು ಜನರ ಸಂಸಾರ ಸಾಗಬೇಕು. ಕವಿಗಳಿಂದ ಹಣ ಬರುವುದು ತಡವಾಗುತ್ತಿತ್ತು. ಕವಿತೆಯನ್ನು ಮೊದಲು ಓದಿದವನು ತಾನೆಂಬುದೇ ಅವರಿಗೆ ಬಡ್ಡಿ.

ಕೈಯಿಂದ ಕನ್ನಡದ ಮೊಳೆ ಜೋಡಿಸುವುದು ಎಂಥ ಕೆಲಸವೆಂಬುದು ಇಂದಿನ ವಿದ್ಯಾರ್ಥಿಗಳಿಗೆ ತಿಳಿಯಲಾರದು. ಕಾಗುಣಿತಕ್ಕೆ, ಒತ್ತಕ್ಷರಕ್ಕೆ, ಅಂಕಿಗೆ ಬೇರೆ ಬೇರೆ ಮೊಳೆ. ಒಂದೊಂದಕ್ಕೂ ಕೇಸಿನಲ್ಲಿ ಒಂದೊಂದು ಮನೆ. ಸೀಸದ ಮೊಳೆಯ ಮೇಲೆ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತದೆ. ನುರಿತ ಕೈ ಮನೆಯನ್ನು ನಂಬಿ ಮೊಳೆಯನ್ನು ಎತ್ತಿಕೊಳ್ಳುತ್ತದೆ. ಅಚ್ಚಾದ ಮೇಲೆ ಮಸಿ ತೊಳೆದು, ಬಿಚ್ಚಿ, ಎಲ್ಲವನ್ನೂ ಮರಳಿ ಅದರದರ ಮನೆಗೆ ಹಂಚಬೇಕು. ಸಾಯಂಕಾಲದ ಆ ಹಂಚಿಕೆ ನನ್ನ ಪಾಲಿಗಿತ್ತು.

೧೯೬೨ರ ಬೇಸಿಗೆ. ಆಟದ ಆತುರದಲ್ಲಿ ನಾನು ೬ರ ಮೊಳೆಗಳನ್ನು ೯ರ ಮನೆಗೆ ಹಾಕಿ ಓಡಿದೆ. ನೋಟಕ್ಕೆ ಅವು ಅಣ್ಣತಮ್ಮಂದಿರು. ಮರುವಾರ ಮೇ ೧೯ರ ಮದುವೆಯೊಂದು ಮುನ್ನೂರು ಲಗ್ನಪತ್ರಿಕೆಗಳಲ್ಲಿ ಮೇ ೧೬ ಆಗಿತ್ತು! ಕರಡನ್ನು ನೋಡಿ ಗಿರಾಕಿಯೇ ಒಪ್ಪಿಗೆಯ ಸಹಿ ಹಾಕಿದ್ದರು. ತಂದೆಯವರು ಆ ಹಾಳೆಯನ್ನು ಹೊರಗೆ ತೆಗೆಯಲೇ ಇಲ್ಲ. “ತಪ್ಪು ನಮ್ಮ ಕಡಿಂದ ಆಗೇದ. ನಾಳೆ ಮುಂಜಾನೆ ಹೊಸಾವು ಕೊಡ್ತೀನಿ” ಎಂದಷ್ಟೇ ಹೇಳಿದರು. ಅಕ್ಕನ ಪುಸ್ತಕಗಳಿಗೆಂದು ತೆಗೆದಿರಿಸಿದ್ದ ಹಣ ಕಾಗದದ ಅಂಗಡಿಗೆ ಹೋಯಿತು. ರಾತ್ರಿಯೆಲ್ಲ ಅವರು ಯಂತ್ರ ತುಳಿದರು. ಅವ್ವ ಪತ್ರಿಕೆಗಳನ್ನು ಆರಹಾಕಿದಳು. ನಾನು ಹಾಸಿಗೆಯಲ್ಲಿ ಎಚ್ಚರವಾಗಿಯೇ ಇದ್ದೆ. ಎದ್ದು ನಿಜ ಹೇಳುವ ಧೈರ್ಯ ಬರಲಿಲ್ಲ. ಆ ವರುಷ ಅಕ್ಕ ಗೆಳತಿಯರಿಂದ ಪುಸ್ತಕ ಎರವಲು ತಂದು ಓದಿದಳು.

ಕಾಲ ಸರಿಯಿತು. ಆಫ್‌ಸೆಟ್ ಮುದ್ರಣ ಬಂದಿತು. ಅದರ ಬೆನ್ನಿಗೆ ಗಣಕಯಂತ್ರವೂ ಬಂದಿತು. ೧೯೯೨ರಲ್ಲಿ ನಮ್ಮ ಯಂತ್ರ ಗುಜರಿಗೆ ಹೋಯಿತು. ಮೊಳೆಗಳು ಸೀಸದ ತೂಕಕ್ಕೆ ಮಾರಾಟವಾದವು. ಅಕ್ಷರಗಳೆಲ್ಲ ಬೆರೆತು ತಕ್ಕಡಿಗೆ ಬೀಳುವ ಸದ್ದನ್ನು ಕೇಳಲಾರದೆ ಅವರು ಒಳಗೆ ಹೋಗಿ ಕುಳಿತರು. ನಾನೂ ಹಿಂದೆಯೇ ಹೋದೆ. ಇನ್ನು ಹೇಳದಿದ್ದರೆ ಎಂದೂ ಹೇಳಲಾರೆನೆನಿಸಿತು.

“ಅಪ್ಪಾ, ಆ ಲಗ್ನಪತ್ರಿಕೆಯ ೬ ಅದ ಅಲ್ಲ, ಅದನ್ನ ೯ರ ಮನಿಗೆ ಹಾಕಿದಾಂವ ನಾನು.”

“ಗೊತ್ತದ” ಎಂದರು. “ಮರುದಿವಸ ಮನಿ ತೆರೆದು ನೋಡಿದೆ. ಆದ್ರ ಕರಡು ನೋಡಿದಾಂವ ನಾನಲ್ಲೇನು?”

ಮೂವತ್ತು ವರುಷ ಅವರು ಅದನ್ನು ಯಾರ ಮುಂದೆಯೂ ಆಡಿರಲಿಲ್ಲ. ನಾನು ಶಿಕ್ಷಕನಾಗಿ ಸಾವಿರಾರು ಉತ್ತರಪತ್ರಿಕೆಗಳನ್ನು ತಿದ್ದಿದವನು. ಅಂದಿನಿಂದ, ತಪ್ಪಿನ ಕೆಳಗೆ ಕೆಂಪುಗೆರೆ ಎಳೆಯುವ ಮುನ್ನ, ಇದನ್ನು ನಾನು ಸರಿಯಾಗಿ ಕಲಿಸಿದ್ದೆನೆ ಎಂದು ಒಮ್ಮೆ ಕೇಳಿಕೊಳ್ಳುವುದು ನನಗೆ ರೂಢಿಯಾಯಿತು. ತಂದೆಯವರು ನನಗೆ ಬಿಟ್ಟುಹೋದ ಆಸ್ತಿ ಇಷ್ಟೇ. ಅದನ್ನು ಇನ್ನೂ ಪೂರ್ತಿ ಬಳಸಿ ಮುಗಿಸಿಲ್ಲ.